ಹಳೆ ಜಾವಾ-ಯೆಜ್ಡಿ ಸ್ಟಾರ್ಟ್ ಆಗ್ತಿಲ್ವಾ? ಕರೆಂಟ್ ಎಲ್ಲಿ ಕಳೆದುಹೋಗ್ತಿದೆ ಅಂತ ಹುಡುಕುವ ಕ್ರಮ

ಪುಣೆಯಲ್ಲಿ ಜೂನ್ ಮಳೆ ಹಿಡಿಯಿತೆಂದರೆ ಹಳೆ ಜಾವಾ, ಯೆಜ್ಡಿ ಇಟ್ಟುಕೊಂಡಿರುವ ನಮ್ಮ ಕನ್ನಡದವರಿಂದ ಫೋನು ಶುರುವಾಗುತ್ತದೆ. ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ಅಪ್ಪನ ಗಾಡಿ ತಂದು ಸೊಸೈಟಿ ಪಾರ್ಕಿಂಗಿನಲ್ಲಿ ಇಟ್ಟವರು ಇವರು. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಅದು ಹತ್ತಿರ ಬಂದಂತೆ ಫೋನು ಇನ್ನೂ ಜಾಸ್ತಿ. ಕಿಕ್ ಹೊಡೆದೂ ಹೊಡೆದೂ ಕಾಲು ಬಿದ್ದುಹೋಯಿತು, ಗಾಡಿ ಮಾತ್ರ ಕೆಮ್ಮುವುದೂ ಇಲ್ಲ ಅನ್ನುತ್ತಾರೆ. ಅಷ್ಟು ಹೊತ್ತಿಗೆ ಪ್ಲಗ್ ಬದಲಾಗಿರುತ್ತದೆ, ಕಂಡೆನ್ಸರ್ ಬದಲಾಗಿರುತ್ತದೆ, ಗಾಡಿ ಸಾಮಾನಿನ ಅಂಗಡಿಗಳಿರುವ ನಾನಾ ಪೇಠೆಯಿಂದ ಹೊಸ ಕಾಯಿಲ್ ಕೂಡ ಬಂದಿರುತ್ತದೆ. ಅಳೆದು ನೋಡಿರುವುದು ಮಾತ್ರ ಒಂದೂ ಇಲ್ಲ.

ಐಡಿಯಲ್ ಜಾವಾ ಕಂಪನಿ 1961ರಿಂದ 1996ರವರೆಗೆ ಮೈಸೂರಿನಲ್ಲಿ ಈ ಗಾಡಿಗಳನ್ನು ಮಾಡಿತು. ಅಂದರೆ ತೀರಾ ಹೊಸದು ಅನ್ನುವ ಗಾಡಿಯ ವಯಸ್ಸೂ ಈಗ ಸುಮಾರು 30. ಇಷ್ಟು ಹಳೆಯ ಗಾಡಿಯಲ್ಲಿ ಕೆಟ್ಟಿರುವುದು ಹೆಚ್ಚಾಗಿ ಸಾಮಾನಲ್ಲ, ಸಾಮಾನುಗಳ ನಡುವಿನ ಜೋಡಣೆ. ತುಕ್ಕು ಹಿಡಿದ ಟರ್ಮಿನಲ್, ಒಳಗೆ ಎಳೆ ಹರಿದ ವೈರು, ಪೇಂಟಿನ ಮೇಲೆ ಕೂತ ಅರ್ಥಿಂಗ್ (ಕರೆಂಟ್ ಚಾಸಿಯ ಮೂಲಕ ವಾಪಸಾಗುವ ಜೋಡಣೆ). ಇವನ್ನು ಬಿಟ್ಟು ಸಾಮಾನು ಬದಲಿಸುತ್ತಾ ಹೋದರೆ ಚೆನ್ನಾಗಿದ್ದ ಹಳೆ ಸಾಮಾನು ಹೋಗಿ ಕಳಪೆ ಹೊಸ ಸಾಮಾನು ಬಂದು ಕೂರುತ್ತದೆ. ಅದಕ್ಕೇ ಬ್ಯಾಟರಿಯಿಂದ ಹೊರಟು ಪ್ಲಗ್ಗಿನ ತುದಿಯವರೆಗೆ ಕರೆಂಟಿನ ಹಿಂದೆಯೇ ನಡೆಯಿರಿ. ದಾರಿ ಇಷ್ಟೇ: ಬ್ಯಾಟರಿಯ ಕರೆಂಟ್ ಕೀ ಸ್ವಿಚ್ ದಾಟಿ ವೋಲ್ಟ್ ಏರಿಸುವ ಕಾಯಿಲಿಗೆ ಬರುತ್ತದೆ, ಅದನ್ನು ಪಾಯಿಂಟ್ ತಟ್ಟನೆ ಕಡಿದಾಗ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ, ಆ ಕಿಡಿ ಪಾಯಿಂಟಿನಲ್ಲೇ ಹಾರದಂತೆ ತಡೆಯುವುದು ಕಂಡೆನ್ಸರ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ಇಲ್ಲಿ ಹೇಳುವುದು 6 ವೋಲ್ಟ್ ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಡೈನಮೋ, ಸಿಬಿ (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟ್ ಇರುವ 250 ಸಿಸಿ ಜಾವಾ-ಯೆಜ್ಡಿಗೆ. ಪಾಯಿಂಟ್ ಇರುವ ಹಳೆ ಬುಲೆಟ್ಟಿಗೂ ಕ್ರಮ ಬಹುಪಾಲು ಇದೇ, ಅಳತೆಯ ಅಂಕಿಗಳು ಮಾತ್ರ ಬೇರೆ. ಸಿಡಿಐ, ಅಂದರೆ ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಗಳಿಗೆ ಪಾಯಿಂಟಿನ ಭಾಗ ಅನ್ವಯಿಸುವುದಿಲ್ಲ.

ಬೇಕಾಗುವ ಸಾಮಾನು

ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್. ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ಸಿಗುತ್ತದೆ, ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್ ಇದೆ. ದುಬಾರಿಯದ್ದು ಬೇಡ. ಒಂದು ಟೆಸ್ಟ್ ಲೈಟ್: 6 ವೋಲ್ಟ್, 3 ವಾಟಿನ ಬಲ್ಬಿಗೆ ಎರಡು ವೈರು ಬೆಸೆದು ತುದಿಗೆ ಕ್ಲಿಪ್ ಹಾಕಿದರೆ ಆಯಿತು. ಸಣ್ಣ ಅಂತರ ಅಳೆಯುವ ಫೀಲರ್ ಗೇಜ್, ಪಾಯಿಂಟ್ ಉಜ್ಜಲು ಸಣ್ಣ ಅರ, ಪ್ಲಗ್ ಪಾನಾ. ಒಂದು ಮೀಟರ್ ಉದ್ದದ ದಪ್ಪ ವೈರು, ಅದರ ನಡುವೆ 10 ಆಂಪಿಯರ್ ಫ್ಯೂಸ್. ಈ ಕೊನೆಯದನ್ನು ಸುಮ್ನೆ ಬಿಡಬೇಡಿ, ಅರ್ಧ ಕೆಲಸ ಅದರಲ್ಲೇ ಆಗುತ್ತದೆ.

ಇನ್ನೊಂದು, ಹಳೆಯ ಪ್ಲಗ್. ಅದರ ಬಾಗಿದ ಕೊಕ್ಕೆಯನ್ನು ಮೇಲೆತ್ತಿ ಅಂತರವನ್ನು ಸುಮಾರು 5 ಮಿ.ಮೀ. ಮಾಡಿಟ್ಟುಕೊಳ್ಳಿ. ಇದು ಪರೀಕ್ಷೆಯ ಪ್ಲಗ್. ಎಂಜಿನ್ ಒಳಗೆ ಗಾಳಿ-ಪೆಟ್ರೋಲು ಒತ್ತಿಕೊಂಡಿರುವಾಗ ಕಿಡಿ ಹಾರುವುದು ಕಷ್ಟ. ಹೊರಗೆ 0.6 ಮಿ.ಮೀ. ಅಂತರದಲ್ಲಿ ಕಿಡಿ ಕಂಡಿತು ಅಂದಮಾತ್ರಕ್ಕೆ ಒಳಗೂ ಬರುತ್ತದೆ ಅನ್ನುವಂತಿಲ್ಲ. 5 ಮಿ.ಮೀ. ದಾಟುವ ಕಿಡಿ ಒಳಗೂ ಬರುತ್ತದೆ ಅಂತ ನಂಬಬಹುದು.

ಶುರುಮಾಡುವ ಮುಂಚೆ ಎರಡು ಎಚ್ಚರಿಕೆ

ಕಿಡಿ ನೋಡುವಾಗ ಪ್ಲಗ್ ತೂತಿನ ಹತ್ತಿರ ಪ್ಲಗ್ ಹಿಡಿಯಬೇಡಿ. ಕಿಕ್ ಹೊಡೆದಾಗ ಆ ತೂತಿನಿಂದ ಪೆಟ್ರೋಲಿನ ಆವಿ ಬರುತ್ತದೆ, ಕಿಡಿ ತಾಗಿದರೆ ಬೆಂಕಿ. ತೂತಿಗೆ ಬಟ್ಟೆ ತುರುಕಿ, ಪ್ಲಗ್ಗನ್ನು ಸಿಲಿಂಡರಿನ ದೂರದ ಫಿನ್ನಿನ (ಲೋಹದ ರೆಕ್ಕೆ) ಮೇಲೆ ಮಲಗಿಸಿ, ಪೆಟ್ರೋಲ್ ಕಾಕ್ ಬಂದ್ ಮಾಡಿ.

ಎರಡನೆಯದು ಕೀ. ಪಾಯಿಂಟ್ ಮುಚ್ಚಿಕೊಂಡ ಜಾಗದಲ್ಲಿ ಎಂಜಿನ್ ನಿಂತಿದ್ದರೆ, ಕೀ ಆನ್ ಇರುವಷ್ಟು ಹೊತ್ತೂ ಕಾಯಿಲಿನಲ್ಲಿ ಸುಮಾರು 4 ಆಂಪಿಯರ್ ಹರಿಯುತ್ತಲೇ ಇರುತ್ತದೆ. ಬ್ಯಾಟರಿ ಇಳಿಯುತ್ತದೆ, ಕಾಯಿಲ್ ಬಿಸಿಯಾಗುತ್ತದೆ. ಮೀಟರ್ ನೋಡಿದ ಕೂಡಲೇ ಕೀ ಆಫ್ ಮಾಡಿ. ಚಹಾ ಕುಡಿಯಲು ಹೋಗುವಾಗಲಂತೂ ಕೀ ಕಿತ್ತುಕೊಂಡೇ ಹೋಗಿ.

ಇದು ಕರೆಂಟಿನ ತೊಂದರೆಯೇ?

ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ, ಕಾರ್ಬುರೇಟರ್ ಕಡೆ ಹೋಗಿ. ತೊಯ್ದಿದ್ದರೆ ಪೆಟ್ರೋಲು ಬಂದಿದೆ, ಹತ್ತಿಕೊಂಡಿಲ್ಲ. ತೊಯ್ದ ಪ್ಲಗ್ಗನ್ನು ಒರೆಸಿ ಹಾಗೇ ಹಾಕಬೇಡಿ. ಪ್ಲಗ್ ಹೊರಗಿಟ್ಟು, ಕೀ ಆಫ್ ಮಾಡಿ, ಥ್ರಾಟಲ್ ಪೂರ್ತಿ ತಿರುಗಿಸಿ ಏಳೆಂಟು ಕಿಕ್ ಹೊಡೆದರೆ ಒಳಗಿನ ಹೆಚ್ಚಿನ ಪೆಟ್ರೋಲು ಹೊರಬೀಳುತ್ತದೆ.

ಈಗ ಹೆಡ್‌ಲೈಟ್ ಮೇಲಿನ ಕೆಂಪು ದೀಪ ನೋಡಿ. ಕೀ ಆನ್ ಮಾಡಿದಾಗ ಅದು ಹತ್ತಬೇಕು. ಹತ್ತದಿದ್ದರೆ ಬ್ಯಾಟರಿ, ಫ್ಯೂಸ್, ಕೀ ಸ್ವಿಚ್, ಆ ಬಲ್ಬು, ಇಲ್ಲವೇ ಡೈನಮೋದ ಬ್ರಷ್, ಇವುಗಳಲ್ಲಿ ಒಂದು. ಚೆನ್ನಾಗಿ ಹತ್ತಿದರೆ ಹಾರ್ನ್ ಒತ್ತಿ. ಹಾರ್ನ್ ಒತ್ತಿದಾಗ ಕೆಂಪು ದೀಪ ಪೂರ್ತಿ ಮಂಕಾದರೆ ಬ್ಯಾಟರಿ ಸೊರಗಿದೆ, ಇಲ್ಲವೇ ದಾರಿಯಲ್ಲಿ ಎಲ್ಲೋ ಜೋಡಣೆ ಸಡಿಲ. ಒಂದು ಪಾನಾ ಕೂಡ ಹಿಡಿಯದೆ ಇಷ್ಟು ವಿಷಯ ಗೊತ್ತಾಗುತ್ತದೆ.

ಕಿಡಿ ನೋಡುವುದು

ಪರೀಕ್ಷೆಯ ಪ್ಲಗ್ಗನ್ನು ಪ್ಲಗ್ ವೈರಿನ ತುದಿಯ ಕ್ಯಾಪಿಗೆ ಸಿಕ್ಕಿಸಿ, ಅದರ ಮೈ ಬರಿ ಲೋಹಕ್ಕೆ ಗಟ್ಟಿಯಾಗಿ ತಾಗುವಂತೆ ಫಿನ್ನಿನ ಮೇಲಿಡಿ. ಕೀ ಆನ್ ಮಾಡಿ ಕಿಕ್ ಹೊಡೆಯಿರಿ. ಚಟ್ ಚಟ್ ಅಂತ ಸದ್ದು ಮಾಡುವ ನೀಲಿ-ಬಿಳಿ ಕಿಡಿ ಬಂದರೆ ಕರೆಂಟಿನ ಕಡೆಯಿಂದ ಹೆಚ್ಚುಕಮ್ಮಿ ಎಲ್ಲಾ ಸರಿ. ಮಾಮೂಲಿ ಪ್ಲಗ್ ಬದಲಿಸಿ ನೋಡಿ, ಆಮೇಲೆ ಟೈಮಿಂಗ್ (ಕಿಡಿ ಹಾರುವ ಹೊತ್ತು) ನೋಡಿ. ಕೆಂಪಗೆ, ತೆಳ್ಳಗೆ, ಬಿಟ್ಟುಬಿಟ್ಟು ಬಂದರೆ ಅಥವಾ ಬರದೇ ಹೋದರೆ ಮುಂದೆ ಓದಿ.

ಕಿಕ್ ಹೊಡೆಯದೆಯೂ ಕಿಡಿ ನೋಡಬಹುದು. ಬಲಗಡೆಯ ಡೈನಮೋ ಕವರ್ ಬಿಚ್ಚಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಪ್ಲಗ್ ಹೊರಗಿರುವಾಗಲೇ ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಮೆಲ್ಲಗೆ ತಿರುಗಿಸಿ ಪಾಯಿಂಟ್ ಮುಚ್ಚುವ ಜಾಗಕ್ಕೆ ತನ್ನಿ. ಕೀ ಆನ್ ಮಾಡಿ. ಪ್ಲಾಸ್ಟಿಕ್ ಅಥವಾ ಒಣ ಕಡ್ಡಿಯಿಂದ ಪಾಯಿಂಟಿನ ಕೈಯನ್ನು ತಟ್ಟನೆ ತೆರೆಯಿರಿ. ಪ್ರತಿ ಸಲ ತೆರೆದಾಗಲೂ ಪ್ಲಗ್ಗಿನಲ್ಲಿ ಕಿಡಿ ಬರಬೇಕು. ಇಲ್ಲಿ ಬಂದು ಕಿಕ್ ಹೊಡೆದಾಗ ಬರದಿದ್ದರೆ ಪಾಯಿಂಟಿನ ಅಂತರ ತಪ್ಪಿದೆ ಅಂತ ಅರ್ಥ. ಇದೊಂದು ಪರೀಕ್ಷೆ ಗೊತ್ತಿದ್ದರೆ ಕಾಲಿಗೆ ಬಹಳ ವಿಶ್ರಾಂತಿ.

ಬ್ಯಾಟರಿ

ಈ ಗಾಡಿಯಲ್ಲಿ ಬ್ಯಾಟರಿ ಇಲ್ಲದೆ ಕಿಡಿ ಇಲ್ಲ. ಕಿಕ್ಕಿನ ವೇಗಕ್ಕೆ ಡೈನಮೋ ಸಾಕಷ್ಟು ಕರೆಂಟ್ ಕೊಡುವುದಿಲ್ಲ. ಕಿಕ್ಕಿಗೆ ಜಗ್ಗದ ಗಾಡಿ ಇಳಿಜಾರಿನಲ್ಲಿ ತಳ್ಳಿದರೆ ಸ್ಟಾರ್ಟ್ ಆಗುತ್ತದೆ ಅಂದರೆ ಮೊದಲ ಅನುಮಾನ ಬ್ಯಾಟರಿಯ ಮೇಲೇ ಬರಬೇಕು.

ಒಂದು ರಾತ್ರಿ ಸುಮ್ಮನೆ ನಿಂತ ಬ್ಯಾಟರಿ 6.3ರಿಂದ 6.4 ವೋಲ್ಟ್ ತೋರಿಸಿದರೆ ತುಂಬಿದೆ. 6.0 ತೋರಿಸಿದರೆ ಹೆಚ್ಚುಕಮ್ಮಿ ಖಾಲಿ. ಆರು ವೋಲ್ಟಿನ ಬ್ಯಾಟರಿ ಆರು ತೋರಿಸುತ್ತಿದೆಯಲ್ಲ ಅಂತ ಖುಷಿಪಡುವವರು ಬಹಳ ಜನ. ಆ ಖುಷಿ ಬೇಡ. ಆಮೇಲೆ ಹೆಡ್‌ಲೈಟ್ ಹಾಕಿ ಮತ್ತೆ ನೋಡಿ. 5.5ಕ್ಕಿಂತ ಕೆಳಗಿಳಿದರೆ ಮೊದಲು ಚಾರ್ಜ್ ಮಾಡಿ. ಚಾರ್ಜ್ ಆದ ಮೇಲೂ ಹಾಗೇ ಇಳಿದರೆ ಬ್ಯಾಟರಿ ಮುಗಿದಿದೆ.

ಚಾರ್ಜ್ ಮಾಡುವಾಗ 6 ವೋಲ್ಟಿನ ಚಾರ್ಜರೇ ಬೇಕು. ಬ್ಯಾಟರಿಯ ಆಂಪಿಯರ್-ಅವರಿನ ಹತ್ತನೇ ಒಂದು ಭಾಗ ಸಾಕು, 12 ಆಂಪಿಯರ್-ಅವರ್ ಇದ್ದರೆ 1.2 ಆಂಪಿಯರ್. ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿ, ಆಸಿಡ್ ಅಲ್ಲ. ಮಳೆಗಾಲ ಪೂರ್ತಿ ಗಾಡಿ ನಿಲ್ಲಿಸುವುದಾದರೆ ಬ್ಯಾಟರಿ ಬಿಚ್ಚಿ ಮನೆಯೊಳಗೆ ತನ್ನಿ, ತಿಂಗಳಿಗೊಮ್ಮೆ ಚಾರ್ಜ್ ಕೊಡಿ. ಖಾಲಿ ಬಿಟ್ಟ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಟ್ಟರೆ ಮತ್ತೆ ಚಾರ್ಜ್ ನಿಲ್ಲುವುದಿಲ್ಲ.

ಹೊಸ ಬ್ಯಾಟರಿ ಜೋಡಿಸುವ ಮುಂಚೆ ಪ್ಲಸ್, ಮೈನಸ್ಸಿನಲ್ಲಿ ಯಾವುದು ಚಾಸಿಗೆ ಹೋಗಿದೆ ಅಂತ ನಿಮ್ಮ ಮಾಡೆಲಿನ ವೈರಿಂಗ್ ನಕ್ಷೆ ನೋಡಿ ಖಾತ್ರಿ ಮಾಡಿಕೊಳ್ಳಿ. ಹಳೆ ಗಾಡಿಗಳಲ್ಲಿ ಪ್ಲಸ್ ಚಾಸಿಗೆ ಹೋಗಿರುವವೂ ಇವೆ. ಹಿಂದಿನ ಮೆಕ್ಯಾನಿಕ್ ಹಾಕಿದ್ದ ವೈರಿನ ಬಣ್ಣ ನಂಬಬೇಡಿ. ಇನ್ನು ಮುಂದೆ ಬರುವ ಮಾತೆಲ್ಲ ಮೈನಸ್ ಚಾಸಿಗೆ ಹೋಗಿರುವ ಗಾಡಿಯದ್ದು.

ದಾರಿಯಲ್ಲಿ ಸೋರುವ ವೋಲ್ಟ್

ಅತಿ ಹೆಚ್ಚು ಗಾಡಿಗಳು ಸರಿಹೋಗುವುದು ಈ ಹಂತದಲ್ಲಿ. ಜನ ಹಾರಿ ಮುಂದೆ ಹೋಗುವುದೂ ಇದನ್ನೇ.

ನಮ್ಮ ಕೊಥ್ರೂಡಿನ ಬಿಲ್ಡಿಂಗಿನಲ್ಲಿ ಬಾಗಲಕೋಟೆ ಕಡೆಯ ಕಾಕಾ ಒಬ್ಬರಿದ್ದಾರೆ. ಹಳೆ ಯೆಜ್ಡಿಯನ್ನು ಪೂರ್ತಿ ಬಿಚ್ಚಿಸಿ, ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಿ, ಮದುಮಗನ ಹಾಗೆ ಸಿಂಗರಿಸಿ ನಿಲ್ಲಿಸಿದರು. ಸ್ಟಾರ್ಟ್ ಆಗಲಿಲ್ಲ.

"ಬ್ಯಾಟರಿ ಹೊಸಾದು, ಕಾಯಿಲ್ ಹೊಸಾದು, ಪ್ಲಗ್ ಹೊಸಾದು. ಮತ್ಯಾಕೋ ತಮ್ಮಾ ಕರೆಂಟ್ ಬರವಲ್ದು?" ಅಂದರು.

"ಚಾಸಿ ಹೊಸಾದಾಗೈತಲ್ರೀ ಕಾಕಾ, ಅದಕ್ಕ," ಅಂದೆ.

ಪೌಡರ್ ಕೋಟಿಂಗ್ ಅಂದರೆ ಪ್ಲಾಸ್ಟಿಕ್ಕಿನ ಪದರ. ಅದರೊಳಗೆ ಕರೆಂಟ್ ಹಾಯುವುದಿಲ್ಲ. ಬ್ಯಾಟರಿಯ ಅರ್ಥಿಂಗ್ ವೈರು ಚಾಸಿಗೆ, ಚಾಸಿ ಎಂಜಿನ್ನಿಗೆ, ಎಂಜಿನ್ ಪ್ಲಗ್ಗಿಗೆ ಅಂತ ವಾಪಸಾಗುವ ದಾರಿಯಲ್ಲಿ ಪ್ರತಿ ಬೋಲ್ಟಿನಡಿ ಪೇಂಟು ಕೂತಿತ್ತು. ಬೋಲ್ಟಿನ ಒಂದೆರಡು ಎಳೆ ತಾಗಿದ್ದರಿಂದ ಕೆಂಪು ದೀಪ ಹತ್ತುತ್ತಿತ್ತು, ಕಾಯಿಲಿಗೆ ಸಾಕಾಗುವಷ್ಟು ಕರೆಂಟ್ ಹಾಯುತ್ತಿರಲಿಲ್ಲ.

ಮೀಟರ್ ಮೋಸ ಮಾಡುವುದೂ ಇಲ್ಲೇ. ಸೊಸೈಟಿಯ ಪೈಪಿನಲ್ಲಿ ಕಸ ಕಟ್ಟಿಕೊಂಡಿದ್ದರೂ ಎಲ್ಲ ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿ ಇರುತ್ತದೆ, ನಲ್ಲಿ ತೆರೆದಾಗಲೇ ಬಣ್ಣ ಬಯಲು. ವೈರೂ ಹಾಗೇ. ಒಂದೇ ಎಳೆಯಲ್ಲಿ ನೇತಾಡುತ್ತಿರುವ ವೈರು ಕೂಡ ಕರೆಂಟ್ ಹರಿಯದಿರುವಾಗ ಪೂರ್ತಿ 6 ವೋಲ್ಟ್ ತೋರಿಸುತ್ತದೆ. ಅದಕ್ಕೇ ಪಾಯಿಂಟ್ ಮುಚ್ಚಿ, ಕೀ ಆನ್ ಮಾಡಿ, ಕಾಯಿಲಿನಲ್ಲಿ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು.

ಅಳೆಯುವುದು ಹೀಗೆ. ಮೀಟರ್ ಡಿಸಿ ವೋಲ್ಟಿಗಿಡಿ. ಒಂದು ತುದಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಕೀ ಸ್ವಿಚ್ಚಿನಿಂದ ವೈರು ಬಂದು ಸೇರುವ ಕಾಯಿಲಿನ ಟರ್ಮಿನಲ್ಲಿಗೆ. ಮೀಟರ್ ತೋರಿಸುವುದು ಆ ದಾರಿಯಲ್ಲಿ ಸೋರಿಹೋದ ವೋಲ್ಟ್. 0.3ರ ಒಳಗಿದ್ದರೆ ಒಳ್ಳೆಯದು. 0.5 ದಾಟಿದರೆ ಕೆಲಸ ಇದೆ. ಆಮೇಲೆ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಸಿಲಿಂಡರಿನ ಬರಿ ಲೋಹಕ್ಕೆ. ಇಲ್ಲಿ 0.1 ಅಥವಾ 0.2ಕ್ಕಿಂತ ಹೆಚ್ಚು ಬರಬಾರದು.

ಇಷ್ಟು ಸಣ್ಣ ಅಂಕಿಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತೀರಾ? ಲೆಕ್ಕ ನೋಡಿ. ಕಾಯಿಲಿನ ಪ್ರೈಮರಿ (ಬ್ಯಾಟರಿ ಕಡೆಯ ಸುತ್ತು) 1.5 ಓಮ್, ಬ್ಯಾಟರಿ 6.2 ವೋಲ್ಟ್ ಅಂದುಕೊಳ್ಳಿ. ಸುಮಾರು 4.1 ಆಂಪಿಯರ್ ಹರಿಯುತ್ತದೆ. ದಾರಿಯಲ್ಲಿ ತುಕ್ಕಿನಿಂದ ಬರೀ ಕಾಲು ಓಮ್ ಸೇರಿಕೊಂಡರೆ ಅದು 3.5ಕ್ಕೆ ಇಳಿಯುತ್ತದೆ. ಕಾಯಿಲಿನಲ್ಲಿ ಕೂಡಿಕೊಳ್ಳುವ ಶಕ್ತಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಬದಲಾಗುವುದರಿಂದ ಕಿಡಿಯ ಶಕ್ತಿ ಕಾಲು ಭಾಗದಷ್ಟು ಹೋಗೇಬಿಟ್ಟಿತು. ಕಾಲು ಓಮ್ ಅಂದರೆ ಒಂದು ಹಸಿರುಗಟ್ಟಿದ ಟರ್ಮಿನಲ್ ಅಷ್ಟೇ. 12 ವೋಲ್ಟಿನ ಗಾಡಿಯ ಕಾಯಿಲಿನ ಓಮ್ ಜಾಸ್ತಿ, ಹಾಗಾಗಿ ಅಲ್ಲಿ ಇದೇ ತುಕ್ಕು ಅಷ್ಟಾಗಿ ಕಾಡುವುದಿಲ್ಲ. 6 ವೋಲ್ಟಿನಲ್ಲಿ ಕಾಡುತ್ತದೆ.

ಸೋರಿಕೆ ಸಿಕ್ಕಿತು, ಜಾಗ ಎಲ್ಲಿ? ಮೀಟರಿನ ಒಂದು ತುದಿ ಬ್ಯಾಟರಿಯಲ್ಲೇ ಇರಲಿ. ಇನ್ನೊಂದನ್ನು ಫ್ಯೂಸಿನ ಈಚೆ, ಫ್ಯೂಸಿನ ಆಚೆ, ಕೀ ಸ್ವಿಚ್ಚಿನ ಒಳಬರುವ ವೈರು, ಹೊರಹೋಗುವ ವೈರು ಹೀಗೆ ಒಂದೊಂದೇ ಜಾಗಕ್ಕೆ ಮುಂದೊಯ್ಯಿರಿ. ಅಂಕಿ ತಟ್ಟನೆ ಎಲ್ಲಿ ಜಿಗಿಯಿತೋ ಅಲ್ಲೇ ಕಳ್ಳ. ಹೆಚ್ಚಾಗಿ ಸಿಗುವುದು ಮೂರು ಜಾಗದಲ್ಲಿ: ಫ್ಯೂಸ್ ಹಿಡಿದಿರುವ ಹಿತ್ತಾಳೆಯ ಕ್ಲಿಪ್, ಹೆಡ್‌ಲೈಟ್ ಒಳಗಿನ ಕೀ ಸ್ವಿಚ್ಚು, ಮತ್ತು ಹ್ಯಾಂಡಲ್ ತಿರುಗುವ ಕಡೆ ಬಾಗಿ ಬಾಗಿ ಒಳಗೇ ಹರಿದ ವೈರು. ಮೂರನೆಯದು ಹೊರಗಿನಿಂದ ಕಾಣುವುದಿಲ್ಲ. ಹ್ಯಾಂಡಲ್ ಆಕಡೆ ಈಕಡೆ ತಿರುಗಿಸುತ್ತಾ ಮೀಟರ್ ನೋಡಿ.

ಇಷ್ಟೆಲ್ಲಾ ಮಾಡಲು ಪುರುಸೊತ್ತಿಲ್ಲ, ರಸ್ತೆಯಲ್ಲಿ ನಿಂತಿದ್ದೀರಿ ಅಂದರೆ ಫ್ಯೂಸ್ ಇರುವ ಆ ಉದ್ದ ವೈರನ್ನು ತೆಗೆಯಿರಿ. ಬ್ಯಾಟರಿಯ ಪ್ಲಸ್ಸಿನಿಂದ ನೇರ ಕಾಯಿಲಿನ ಅದೇ ಟರ್ಮಿನಲ್ಲಿಗೆ ಜೋಡಿಸಿ ಕಿಕ್ ಹೊಡೆಯಿರಿ. ಸ್ಟಾರ್ಟ್ ಆದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್, ಪ್ಲಗ್ ಎಲ್ಲಾ ನಿರಪರಾಧಿಗಳು. ತಪ್ಪು ಸ್ವಿಚ್ಚಿನದ್ದೋ ವೈರಿನದ್ದೋ. ನೆನಪಿರಲಿ, ಹೀಗೆ ಜೋಡಿಸಿದಾಗ ಕೀ ತಿರುಗಿಸಿದರೆ ಗಾಡಿ ಬಂದ್ ಆಗುವುದಿಲ್ಲ. ವೈರೇ ಕೀಳಬೇಕು.

ರಿಪೇರಿ ಸುಲಭ. ಟರ್ಮಿನಲ್ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಮೊದಲೇ ಸವರಿ ಆಮೇಲೆ ಬಿಗಿ ಮಾಡುವುದಲ್ಲ. ಅರ್ಥಿಂಗ್ ಬೋಲ್ಟಿನಡಿಯ ಪೇಂಟನ್ನು ಒಂದು ರೂಪಾಯಿ ನಾಣ್ಯದಷ್ಟು ಅಗಲ ಕೆರೆದು, ಹಲ್ಲಿರುವ ವಾಷರ್ ಹಾಕಿ. ಇನ್ನೂ ಒಳ್ಳೆಯದೆಂದರೆ ಬ್ಯಾಟರಿಯ ಅರ್ಥಿಂಗ್ ಟರ್ಮಿನಲ್ಲಿನಿಂದ ಎಂಜಿನ್ ಬೋಲ್ಟಿಗೆ ಬೇರೆಯೇ ಒಂದು ದಪ್ಪ ವೈರು ಎಳೆದುಬಿಡಿ. ಕಾಕಾ ಅವರ ಗಾಡಿಗೆ ಮಾಡಿದ್ದು ಅಷ್ಟೇ. ಅವರ ಹೊಸ ಪೇಂಟು ಕೆರೆಯಲು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ಮುಂಬೈ, ಗೋವಾದಲ್ಲಿರುವವರು ಉಪ್ಪುಗಾಳಿಯ ದೆಸೆಯಿಂದ ಈ ಉಜ್ಜುವ ಕೆಲಸವನ್ನು ವರ್ಷಕ್ಕೊಮ್ಮೆಯಾದರೂ ಮಾಡಲೇಬೇಕು. ಅಲ್ಲಿ ವೈರಿನ ರಬ್ಬರಿನೊಳಗೂ ತಾಮ್ರ ಹಸಿರುಗಟ್ಟುತ್ತದೆ. ಬುಡದಲ್ಲಿ ಕಪ್ಪಾಗಿರುವ ವೈರನ್ನು ಉಜ್ಜಿ ಪ್ರಯೋಜನವಿಲ್ಲ, ಬದಲಿಸಿ.

ಸಿಬಿ ಪಾಯಿಂಟ್

ಪಾಯಿಂಟಿನ ವೈರು ಸೇರುವ ಟರ್ಮಿನಲ್ಲಿಗೆ ಟೆಸ್ಟ್ ಲೈಟಿನ ಒಂದು ಕ್ಲಿಪ್, ಎಂಜಿನ್ನಿಗೆ ಇನ್ನೊಂದು. ಕೀ ಆನ್ ಮಾಡಿ ಹಿಂದಿನ ಚಕ್ರ ಮೆಲ್ಲಗೆ ತಿರುಗಿಸಿ. ಪಾಯಿಂಟ್ ತೆರೆದಾಗ ದೀಪ ಹತ್ತಬೇಕು, ಮುಚ್ಚಿದಾಗ ಆರಬೇಕು.

ದೀಪ ಯಾವಾಗಲೂ ಹತ್ತೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ, ಇಲ್ಲವೇ ಮುಚ್ಚಿದರೂ ಮುಖದ ಮೇಲೆ ಎಣ್ಣೆಯೋ ಕರಿಯೋ ಕೂತು ಕರೆಂಟ್ ಹಾಯುತ್ತಿಲ್ಲ. ಬಹಳ ದಿನ ನಿಂತ ಗಾಡಿಯಲ್ಲಿ ಇದು ಸಾಮಾನ್ಯ. ದೀಪ ಹತ್ತುವುದೇ ಇಲ್ಲ ಅಂದರೆ ಎರಡು ಕಾರಣ ಇರಬಹುದು. ಕಾಯಿಲಿನಿಂದ ಕರೆಂಟೇ ಬರುತ್ತಿಲ್ಲ, ಅಥವಾ ಬಂದ ಕರೆಂಟ್ ಪಾಯಿಂಟ್ ತೆರೆದಿದ್ದರೂ ಎಂಜಿನ್ನಿಗೆ ಇಳಿದುಹೋಗುತ್ತಿದೆ. ಮೊದಲು ಕಂಡೆನ್ಸರಿನ ವೈರು ಬಿಚ್ಚಿ ನೋಡಿ, ದೀಪ ಹತ್ತಿದರೆ ಕಂಡೆನ್ಸರ್ ಒಳಗೆ ಶಾರ್ಟ್ ಆಗಿದೆ. ಆಗಲೂ ಹತ್ತದಿದ್ದರೆ ಪಾಯಿಂಟ್ ಸ್ಕ್ರೂವಿನ ಫೈಬರ್ ವಾಷರ್ ನೋಡಿ. ಹೊಸ ಪಾಯಿಂಟ್ ಹಾಕಿದ ಮೇಲೆ ಗಾಡಿ ಸತ್ತುಹೋಯಿತು ಅಂತ ಬಂದವರಲ್ಲಿ ಬಹಳಷ್ಟು ಸಲ ಈ ವಾಷರುಗಳೇ ಹಿಂದೆಮುಂದೆ ಆಗಿರುತ್ತವೆ. ವೈರಿನ ಟರ್ಮಿನಲ್ ಮತ್ತು ಪಾಯಿಂಟಿನ ಸ್ಪ್ರಿಂಗ್ ಒಂದನ್ನೊಂದು ತಾಗಬೇಕು, ಎರಡೂ ಪ್ಲೇಟಿಗೆ ತಾಗಬಾರದು. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಈ ತಲೆನೋವೇ ಇಲ್ಲ.

ಮುಖ ಉಜ್ಜಲು ಸಣ್ಣ ಅರ ಬಳಸಿ. ಪಾಲಿಶ್ ಪೇಪರಿನ ಪುಡಿ ಅಲ್ಲೇ ಹುದುಗಿಕೊಂಡು ಮತ್ತೆ ಕಾಡುತ್ತದೆ. ಉಜ್ಜಿದ ಮೇಲೆ ಪೆಟ್ರೋಲಿನಲ್ಲಿ ಅದ್ದಿದ ಗಟ್ಟಿ ಕಾಗದ ನಡುವೆ ಎಳೆದು ಒರೆಸಿ, ಆಮೇಲೆ ಒಣ ಕಾಗದ. ಹಳೆ ವಿಸಿಟಿಂಗ್ ಕಾರ್ಡಿಗೆ ಇದಕ್ಕಿಂತ ಒಳ್ಳೆ ಉಪಯೋಗ ಇಲ್ಲ. ಹೊಚ್ಚ ಹೊಸ ಪಾಯಿಂಟನ್ನೂ ಒರೆಸಿಯೇ ಹಾಕಬೇಕು, ಡಬ್ಬಿಯಲ್ಲಿ ತುಕ್ಕು ಹಿಡಿಯದಿರಲಿ ಅಂತ ಮೇಲೆ ಎಣ್ಣೆ ಸವರಿರುತ್ತಾರೆ. ಶುಚಿಯಾಯಿತೋ ಇಲ್ಲವೋ ಅನ್ನುವುದಕ್ಕೆ ಮೀಟರ್ ಇದೆ: ಮುಚ್ಚಿದ ಪಾಯಿಂಟಿನ ಟರ್ಮಿನಲ್ಲಿಗೂ ಎಂಜಿನ್ನಿಗೂ ನಡುವೆ 0.2 ವೋಲ್ಟಿಗಿಂತ ಕಡಿಮೆ ಬರಬೇಕು.

ಅಂತರ 0.4 ಮಿ.ಮೀ. ಪಾಯಿಂಟ್ ಅತಿ ಹೆಚ್ಚು ತೆರೆದಿರುವ ಜಾಗದಲ್ಲಿ ಫೀಲರ್ ಗೇಜ್ ತೂರಿಸಿ ನೋಡಿ, ಸ್ವಲ್ಪ ತಡೆದಂತೆ ಹಾಯಬೇಕು. ಪಾಯಿಂಟ್ ತೆರೆಯುವ ಕ್ಯಾಮಿಗೆ ಉಜ್ಜುವ ಫೆಲ್ಟಿಗೆ ಒಂದೇ ಹನಿ ಎಣ್ಣೆ. ಜಾಸ್ತಿ ಹಾಕಿದರೆ ಅದು ಹಾರಿ ಪಾಯಿಂಟಿನ ಮುಖಕ್ಕೇ ಬಂದು ಕೂರುತ್ತದೆ.

ಕಂಡೆನ್ಸರ್

ಎಂಜಿನ್ ಓಡುವಾಗ ಅಥವಾ ಕಿಕ್ ಹೊಡೆಯುವಾಗ ಪಾಯಿಂಟಿನಲ್ಲೇ ದೊಡ್ಡ ಹಳದಿ ಕಿಡಿ ಹಾರುತ್ತಿದ್ದು ಪ್ಲಗ್ಗಿನ ಕಿಡಿ ಸಪ್ಪಗಿದ್ದರೆ ಕಂಡೆನ್ಸರ್ ಹೋಗಿದೆ. ಪಾಯಿಂಟ್ ಪದೇ ಪದೇ ಸುಟ್ಟು ಗುಳಿ ಬೀಳುವುದಕ್ಕೂ ಇದೇ ಕಾರಣ.

ಇದರ ಬೆಲೆ 0.2ರಿಂದ 0.3 ಮೈಕ್ರೋಫ್ಯಾರಡ್ ಒಳಗಿರಬೇಕು, ಮೀಟರಿನಲ್ಲಿ ಆ ಸೌಲಭ್ಯ ಇದ್ದರೆ ಅಳೆಯಬಹುದು. ಆದರೆ ಮೀಟರ್ ಕೊಡುವುದು ಕೆಲವೇ ವೋಲ್ಟ್, ಗಾಡಿಯಲ್ಲಿ ಇದರ ಮೇಲೆ ಬೀಳುವುದು ನೂರಾರು ವೋಲ್ಟ್. ಮೀಟರಿನಲ್ಲಿ ಪಾಸಾಗಿ ಗಾಡಿಯಲ್ಲಿ ಫೇಲಾಗುವ ಕಂಡೆನ್ಸರುಗಳು ಬಹಳ. ಒಳ್ಳೆಯದು ಅಂತ ಗೊತ್ತಿರುವ ಇನ್ನೊಂದನ್ನು ಹಾಕಿ ನೋಡುವುದೇ ನಿಜವಾದ ಪರೀಕ್ಷೆ.

ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 0.22 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರ್ ಕೇಳಿ. ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಅದನ್ನು ಪಾಯಿಂಟಿನ ಟರ್ಮಿನಲ್ಲಿಗೂ ಎಂಜಿನ್ನಿಗೂ ನಡುವೆ ಜೋಡಿಸಿದರೆ ಕಂಡೆನ್ಸರಿನ ಕೆಲಸವನ್ನು ಪೂರ್ತಿ ಮಾಡುತ್ತದೆ. ಹಳೆಯದನ್ನು ಬಿಚ್ಚಿಯೇ ಜೋಡಿಸಿ. ಎಂಜಿನ್ನಿನ ಬಿಸಿ ತಾಗದ ಜಾಗದಲ್ಲಿಟ್ಟು ಬಿಗಿಯಾಗಿ ಕಟ್ಟಿದರೆ ಕಾಯಂ ಆಗಿ ಇಟ್ಟುಕೊಂಡರೂ ನಡೆಯುತ್ತದೆ. ಈಗ ಮಾರುಕಟ್ಟೆಯಲ್ಲಿ ಸಿಗುವ ಕೆಲವು ಕಂಡೆನ್ಸರುಗಳಿಗಿಂತ ಇದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಕಾಯಿಲ್, ಲೀಡ್, ಕ್ಯಾಪ್

6 ವೋಲ್ಟಿನ ಕಾಯಿಲಿನ ಪ್ರೈಮರಿ ಸಾಮಾನ್ಯವಾಗಿ 1ರಿಂದ 2 ಓಮ್. 3 ಅಥವಾ 4 ಓಮ್ ಬಂದರೆ ಯಾರೋ 12 ವೋಲ್ಟಿನ ಕಾಯಿಲ್ ಹಾಕಿದ್ದಾರೆ. ಅದರಲ್ಲಿ ಹರಿಯುವುದು ಅರ್ಧದಷ್ಟೇ ಕರೆಂಟ್, ಕಿಡಿ ಬಂದರೂ ಬಡಕಲು. ಅಂಗಡಿಯವರು "ಎರಡಕ್ಕೂ ನಡೀತದೆ" ಅಂತ ಕೊಟ್ಟುಬಿಡುತ್ತಾರೆ. ನಡೆಯುವುದಿಲ್ಲ. ಅಂಗಡಿಯ ಕಟ್ಟೆಯ ಮೇಲೇ ಮೀಟರ್ ಇಟ್ಟು ನೋಡಿ ತನ್ನಿ. ಸೆಕೆಂಡರಿ (ಪ್ಲಗ್ ಕಡೆಯ ಸುತ್ತು) 5ರಿಂದ 10 ಸಾವಿರ ಓಮ್ ಆಸುಪಾಸಿನಲ್ಲಿರುತ್ತದೆ.

ಬಿಸಿಯಾದ ಮೇಲೆ ಸಾಯುವ ಕಾಯಿಲ್ ಇನ್ನೊಂದು ಕಾಟ. ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್, ಕಾತ್ರಜ್ ಘಾಟ್ ಹತ್ತುವಷ್ಟರಲ್ಲಿ ಬಂದ್, ಅರ್ಧ ಗಂಟೆ ನಿಂತರೆ ಮತ್ತೆ ಸ್ಟಾರ್ಟ್. ತಣ್ಣಗಿರುವಾಗ ಮೀಟರ್ ಇದನ್ನು ಹಿಡಿಯುವುದಿಲ್ಲ. ಗಾಡಿ ನಿಂತ ಕೂಡಲೇ, ಆರುವ ಮುಂಚೆ, ಪರೀಕ್ಷೆಯ ಪ್ಲಗ್ ಹಾಕಿ ಕಿಡಿ ನೋಡಬೇಕು. ಕಂಡೆನ್ಸರ್ ಕೂಡ ಹೀಗೇ ಆಡುತ್ತದೆ. ಹಾಗಾಗಿ ಮೊದಲು ಅಗ್ಗದ ಕೆಪಾಸಿಟರ್ ಹಾಕಿ ನೋಡಿ, ಆಮೇಲೆ ಕಾಯಿಲಿಗೆ ದುಡ್ಡು ಹಾಕಿ.

ಕಾಯಿಲಿನಿಂದ ಪ್ಲಗ್ಗಿಗೆ ಹೋಗುವ ಲೀಡ್ ವೈರು ತಾಮ್ರದ್ದೇ ಇರಲಿ. ಕಾರಿನ ಕಾರ್ಬನ್ ಲೀಡ್ ಬೇಡ, ಕ್ಯಾಪಿನ ಸ್ಕ್ರೂ ಅದರಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಕ್ಯಾಪನ್ನು ಬಿಚ್ಚಿ ಲೀಡಿನ ತುದಿ ಅರ್ಧ ಸೆಂಟಿಮೀಟರ್ ಕತ್ತರಿಸಿ ಹೊಸ ತಾಮ್ರಕ್ಕೆ ತಿರುಗಿಸಿದರೆ ಎಷ್ಟೋ ಸಲ ಕಿಡಿ ವಾಪಸು ಬರುತ್ತದೆ. ಕ್ಯಾಪನ್ನು ಮೀಟರಿನಲ್ಲಿ ನೋಡಿ. ರೆಸಿಸ್ಟರ್ ಕ್ಯಾಪ್ ಆದರೆ ಸುಮಾರು 5 ಸಾವಿರ ಓಮ್ ಇರಬೇಕು. ಇಪ್ಪತ್ತು, ಮೂವತ್ತು ಸಾವಿರ ತೋರಿಸಿದರೆ ಬಿಸಾಡಿ.

ಮಳೆಯಲ್ಲಿ ಮಾತ್ರ ಕಾಡುವ ಗಾಡಿಗೆ ಒಂದು ಉಪಾಯ ಇದೆ. ಕತ್ತಲಾದ ಮೇಲೆ ಎಂಜಿನ್ ಓಡುತ್ತಿರುವಾಗ ಲೀಡಿನ ಮೇಲೆ, ಕ್ಯಾಪಿನ ಮೇಲೆ ಸಣ್ಣಗೆ ನೀರು ಸ್ಪ್ರೇ ಮಾಡಿ. ಎಲ್ಲಾದರೂ ಬಿರುಕಿದ್ದರೆ ನೀಲಿ ಕಿಡಿ ಹೊರಗೇ ಹರಿದಾಡುವುದು ಕಾಣುತ್ತದೆ. ಕೈ ದೂರ ಇರಲಿ. ಹೊಡೆತ ಜೋರಾಗಿಯೇ ಇರುತ್ತದೆ.

ಪ್ಲಗ್ಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂತರ 0.6 ಮಿ.ಮೀ. ಮಾಡಿ, ಅನುಮಾನ ಬಂದರೆ ಹೊಸದು ಹಾಕಿ.

ಟೈಮಿಂಗ್

ಕಿಡಿ ಜೋರಾಗಿದೆ, ಪೆಟ್ರೋಲ್ ಬರುತ್ತಿದೆ, ಆದರೂ ಗಾಡಿ ಹತ್ತುತ್ತಿಲ್ಲ ಅಥವಾ ಕಿಕ್ ವಾಪಸು ಹೊಡೆಯುತ್ತದೆ ಅಂದರೆ ಟೈಮಿಂಗ್ ನೋಡಿ. ಪಾಯಿಂಟಿನ ಅಂತರ ಮೊದಲು, ಟೈಮಿಂಗ್ ಆಮೇಲೆ. ಅಂತರ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕಡಿಮೆಯಾದರೆ ತಡವಾಗಿ. ಪಾಯಿಂಟಿನ ಹಿಮ್ಮಡಿ (ಕ್ಯಾಮಿಗೆ ತಾಗುವ ಭಾಗ) ಸವೆದಂತೆ ಅಂತರ ಕಡಿಮೆಯಾಗುತ್ತಾ ಹೋಗುವುದರಿಂದ ವರ್ಷಗಟ್ಟಲೆ ಮುಟ್ಟದ ಗಾಡಿ ತಡವಾಗಿಯೇ ಕಿಡಿ ಕೊಡುತ್ತಿರುತ್ತದೆ.

ಪ್ಲಗ್ ತೂತಿನಿಂದ ಪಿಸ್ಟನ್ನಿನ ಎತ್ತರ ಅಳೆಯಲು ಡಯಲ್ ಗೇಜ್ ಇದ್ದರೆ ಸರಿ, ಇಲ್ಲದಿದ್ದರೆ ವರ್ನಿಯರ್ ಕ್ಯಾಲಿಪರಿನ ಹಿಂಬದಿಯ ಕಡ್ಡಿ. ಪಿಸ್ಟನ್ ತುತ್ತತುದಿಗೆ ಬರುವ ಜಾಗ ಗುರುತಿಸಿ, ಚಕ್ರ ಹಿಂದಕ್ಕೆ ತಿರುಗಿಸಿ, ಮತ್ತೆ ಮುಂದಕ್ಕೆ ಮೆಲ್ಲಗೆ ತನ್ನಿ. ಟೆಸ್ಟ್ ಲೈಟ್ ಹತ್ತಿದ ಕ್ಷಣ ಪಾಯಿಂಟ್ ತೆರೆದಿದೆ. ಆಗ ಪಿಸ್ಟನ್ ತುದಿಯಿಂದ ಎಷ್ಟು ಮಿಲಿಮೀಟರ್ ಕೆಳಗಿದೆ ಅನ್ನುವುದೇ ನಿಮ್ಮ ಟೈಮಿಂಗ್. ಅಂಕಿ ಮಾಡೆಲಿನಿಂದ ಮಾಡೆಲಿಗೆ ಬೇರೆ, ನಿಮ್ಮ ಗಾಡಿಯ ಮ್ಯಾನ್ಯುಯಲ್ ನೋಡಿಯೇ ಇಡಿ. ಗೆಳೆಯರ ಗಾಡಿಯ ಅಂಕಿ ಬೇಡ.

ಸ್ಟಾರ್ಟ್ ಆಯಿತು, ಮೂರು ದಿನಕ್ಕೆ ಮತ್ತೆ ಇಲ್ಲ

ಹೀಗಾದರೆ ತೊಂದರೆ ಸ್ಟಾರ್ಟಿಂಗಿನದ್ದಲ್ಲ, ಚಾರ್ಜಿಂಗಿನದ್ದು. ಎಂಜಿನ್ ಓಡುವಾಗ ಸ್ವಲ್ಪ ರೇಸ್ ಕೊಟ್ಟರೆ ಕೆಂಪು ದೀಪ ಆರಬೇಕು. ಆಗ ಬ್ಯಾಟರಿಯ ಮೇಲೆ ಮೀಟರ್ ಇಟ್ಟರೆ 7 ವೋಲ್ಟ್ ಅಥವಾ ಚೂರು ಹೆಚ್ಚು ಬರಬೇಕು. 6.3ರಲ್ಲೇ ನಿಂತಿದ್ದರೆ ಡೈನಮೋ ಏನೂ ಕೊಡುತ್ತಿಲ್ಲ. 7.5 ದಾಟಿದರೆ ಚಾರ್ಜಿಂಗ್ ಹಿಡಿತದಲ್ಲಿಡುವ ಕಟೌಟ್ ಹಿಡಿತ ತಪ್ಪಿದೆ, ಬ್ಯಾಟರಿ ಕುದಿಯುತ್ತದೆ.

ಡೈನಮೋ ಏನೂ ಕೊಡುತ್ತಿಲ್ಲ ಅಂದರೆ ಮೊದಲು ಕಾರ್ಬನ್ ಬ್ರಷ್. ಅದು ತನ್ನ ಗೂಡಿನಲ್ಲಿ ಸಲೀಸಾಗಿ ಜಾರಬೇಕು, ಸ್ಪ್ರಿಂಗ್ ಒತ್ತಬೇಕು. ಮಳೆಯ ತೇವಕ್ಕೆ ಕರಿಪುಡಿ ಅಂಟಿಕೊಂಡು ಬ್ರಷ್ ಸಿಕ್ಕಿಹಾಕಿಕೊಳ್ಳುವುದು ಮಾಮೂಲು. ಬ್ರಷ್ ಉಜ್ಜುವ ತಾಮ್ರದ ಕಮ್ಯುಟೇಟರ್ ಕಪ್ಪಾಗಿದ್ದರೆ ನುಣುಪಾದ ಪಾಲಿಶ್ ಪೇಪರಿನಿಂದ ಉಜ್ಜಿ. ತಾಮ್ರದ ಪಟ್ಟಿಗಳ ನಡುವಿನ ಸಂದಿಯನ್ನು ಮೊಂಡು ಬ್ಲೇಡಿನಿಂದ ಕೆರೆದು ಶುಚಿ ಮಾಡಿ. ಅಷ್ಟಕ್ಕೂ ಬರದಿದ್ದರೆ ಆರ್ಮೇಚರ್ ಸುತ್ತುವವರ ಹತ್ತಿರ ಹೋಗಬೇಕು. ಕಟೌಟಿನ ಸ್ಕ್ರೂಗಳನ್ನು ಅಂದಾಜಿನ ಮೇಲೆ ತಿರುಗಿಸಬೇಡಿ. ಅದನ್ನು ಸರಿಮಾಡಲು ಗೊತ್ತಿರುವ ಆಟೋ ಎಲೆಕ್ಟ್ರಿಷಿಯನ್ನರು ಪುಣೆಯಲ್ಲಿ ಇನ್ನೂ ಇದ್ದಾರೆ, ವಯಸ್ಸಾದವರನ್ನು ಕೇಳಿ.

12 ವೋಲ್ಟಿಗೆ ಬದಲಿಸಿಬಿಡಲೇ, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಲೇ ಅಂತ ಕೇಳುವವರಿದ್ದಾರೆ. ದಿನವೂ ಆಫೀಸಿಗೆ ಓಡಿಸುವವರು ಹಾಕಿಸಲಿ, ನನ್ನ ತಕರಾರಿಲ್ಲ. ಆದರೆ ಕೊಳೆತ ವೈರು, ಪೇಂಟಿನ ಮೇಲಿನ ಅರ್ಥಿಂಗ್ ಹಾಗೇ ಬಿಟ್ಟು ಕಿಟ್ ಹಾಕಿಸಿದರೆ ಕಿಟ್ ಕೂಡ ಅದೇ ದಾರಿಯಲ್ಲಿ ನಿಲ್ಲುತ್ತದೆ. ಆಗ ಹುಡುಕುವುದು ಇನ್ನೂ ಕಷ್ಟ, ಯಾಕೆಂದರೆ ಆ ಡಬ್ಬಿಯೊಳಗೆ ಮೀಟರ್ ಇಡಲು ಜಾಗವಿಲ್ಲ.

ದೂರ ಹೊರಟಾಗ ಟೂಲ್ ಬಾಕ್ಸಿನಲ್ಲಿ ಇರಬೇಕಾದ್ದು: ಅಂತರ ಇಟ್ಟ ಒಂದು ಪ್ಲಗ್, ಒರೆಸಿದ ಒಂದು ಜೊತೆ ಪಾಯಿಂಟ್, ವೈರು ಬೆಸೆದ 0.22 ಕೆಪಾಸಿಟರ್, ಎರಡು ಫ್ಯೂಸ್, ಟೆಸ್ಟ್ ಲೈಟ್, ಆ ಉದ್ದ ವೈರು. ಒಂದು ಕೀ ಬೇರೆ ಜೇಬಿನಲ್ಲಿರಲಿ. ಹಳೆ ಮಾಡೆಲಿನ ಕೀ ಕಳೆದುಹೋದರೆ ಪುಣೆಯ ಹಳೆ ಸಾಮಾನಿನ ಸಂತೆ ಜೂನಾ ಬಾಜಾರಿನಲ್ಲಿ ಹುಡುಕಬೇಕಾಗುತ್ತದೆ. ಆ ಬಜಾರು ಸೇರುವುದು ಬುಧವಾರ ಮತ್ತು ಭಾನುವಾರ ಮಾತ್ರ.